ಬಸ್ಸಿನ ಮೇಲಿನ ಕಂಬಿ

ಸೋಮವಾರದ ಸಂದರ್ಶನದಲ್ಲಿ ನನ್ನ ದನಿಯೇ ಹೊರಡದಿದ್ದರೆ? ಬಸ್ಸಿನಲ್ಲೂ ಇದೇ ಚಿಂತೆ. ಕನಕಗಿರಿಯಲ್ಲಿ ತಾಯಿ, ಮಗಳು ಹತ್ತಿದರು. ತಾಯಿಗೆ ಸರಿದು ಜಾಗ ಕೊಟ್ಟೆ. ಮಗಳು ಬಲಗೈಯಿಂದ ಮೇಲಿನ ಕಂಬಿ ಹಿಡಿದು ನಿಂತಳು.

“ಎಡಗೈಲೆ ಹಿಡಿ ಸುನಿತಾ, ಭುಜ ಮತ್ತ ಜಾರೀತು.”

“ಕೀಲಿನ್ಯಾಗ ಹರಿದಿದ್ದ ಮೆತ್ತನ ಎಲುಬಿಗೆ ಹೊಲಿಗಿ ಹಾಕಿ ಎಂಟು ತಿಂಗಳಾತು ಯವ್ವಾ. ಕಬಡ್ಡಿ ಆಡು ಅಂತ ಡಾಕ್ಟರೇ ಅಂದಾರ.”

“ನಿನ್ನ ಹಡದಾಕಿ ನಾನೋ, ಡಾಕ್ಟರೋ? ಹೋದ ವರ್ಷ ಅರಿವಿ ಒಣಹಾಕಾಕ ಕೈ ಎತ್ತಿದ್ರ ಚೀರಿದ್ದಿ.”

“ಈಗ ಎತ್ತೀನಿ, ನೋಡು.”

“ತಾವರಗೇರಾತನಕ ಕೈ ಇಳಿಸಬ್ಯಾಡ. ಗೆದ್ರ ಆಡಾಕ ಹೋಗು.”

ನನ್ನತ್ತ ತಿರುಗಿ, “ಜಿಲ್ಲಾ ಟೀಮಿನಾಕಿ, ನನ್ನ ಮಗಳು,” ಎಂದವಳೇ ನಿದ್ದೆಹೋದಳು.

ತಾವರಗೇರಾದಲ್ಲಿ ತಾಯಿಗೆ ಎಚ್ಚರವಾಯಿತು.

“ನಡುವ ಇಳಿಸಿರ್ತಿ, ಕಳ್ಳಿ.”

“ನಿನ್ನಾಣೆ, ಇಳಿಸಿಲ್ಲವ್ವ.”

“ನೋಡಿದವರ್ಯಾರು?”

“ನಾ ನೋಡೀನ್ರಿ,” ಎಂದೆ, ಇಡೀ ಬಸ್ಸಿಗೆ ಕೇಳುವಂತೆ. “ಒಮ್ಮಿನೂ ಇಳಿಸಿಲ್ರಿ.”