ಮೂರನೇ ಕೂಗು

ಆ ರಾತ್ರಿ ಅನ್ನಮ್ಮ ಹಳೇ ಬಾವಿ ಕಡೆಯಿಂದ ಕೊಡ ಹೊತ್ತು ಮನಿಗೆ ಬರಾಕ ಹತ್ಯಾಳ ಅಂತ ಬಸವೇಶ್ವರಿಗೆ ಗೊತ್ತಿರಲಿಲ್ಲ. ಗೊತ್ತಿದ್ರ ಈ ಮಾತೇ ಬರ್ತಿರಲಿಲ್ಲರಿ.

ಮಕ್ತಲ್ ದಾಟಿ ನಾರಾಯಣಪೇಟ ರೋಡಿಗೆ ಒಂದು ವೆಂಚರ್ ಐತಿ, ಅಂದ್ರ ಹೊಸಾ ಪ್ಲಾಟಿನ ಲೇಔಟು. ಸಾಲು ಮನಿ, ಎತ್ತರದ ಕಂಪೌಂಡು, ಹಿಂದ ಕಬ್ಬಿಣದ ಸಣ್ಣ ಗೇಟು. ಗೇಟಿನಾಚೆ ಬರೇ ಜಾಲಿ ಕಂಟಿ, ಅದರೊಳಗ ಆ ಬಾವಿ. ಬೋರ್ಡಿನ ಮ್ಯಾಲೆ 'ಗ್ರೀನ್' ಅಂತ ಬರದಾರ, ಹಸರು ಅಂದ್ರ ಗ್ವಾಡಿ ಬಣ್ಣ ಅಷ್ಟ. ನಳದ ನೀರು ಬಾಯಾಗ ಇಡಾಕ ಆಗಂಗಿಲ್ಲ, ಉಪ್ಪು. ಚಾ ಇಟ್ರ ಹಾಲು ಒಡೀತೈತಿ. ಬಾವಿ ನೀರು ಮಾತ್ರ ಸಿಹಿ.

ಅನ್ನಮ್ಮ ಬಸವೇಶ್ವರಿಯ ಭಾವನ ಹೆಂಡತಿ. ಗಂಡ ತೀರಿದ ಮ್ಯಾಲೆ ಇವರ ಮನಿ ಹಿಂದಿನ ಖೋಲ್ಯಾಗ ಇದ್ಲು. ದಿನಾ ಬಾವಿಗೆ ಹೋಗಿ ಕುಡಿಯಾಕ ಒಂದು ಕೊಡ ತರೋದು ಆಕೀದೇ ಕೆಲಸ. ಆ ವಾರ ಜ್ವರ ಬಂದು ಮಲಗಿದ್ಲು. ಸಂಜೀಕ ಬಸವೇಶ್ವರಿ ಆಕಿಗೆ ಕೇಳ್ಲಿ ಅಂತನ ಗೊಣಗಿದ್ಲು:

"ನಾಳೆ ಬೀಗರು ಬರ್ತಾರ. ಒಡದ ಚಾ ಕುಡಸಲೇನು? ಕುಂತು ಉಣ್ಣೋರಿಗೆ ಏನು ತಿಳೀತೈತಿ..."

ಖೋಲಿ ಬಾಗಲಾ ಮುಂದ ಮಾಡಿತ್ತು. ಅಕ್ಕಗ ನಿದ್ದಿ ಹತ್ತಿರಬೇಕು ಅನ್ಕೊಂಡ್ಲು.

ಕಾಡುಹಂದಿ ಕಾಟ ಅಂತ ಕಾಲನಿ ಪ್ರೆಸಿಡೆಂಟ್ ಉದಯಕುಮಾರ ಅದೇ ವಾರ ಹೊಸಾ ಕಾಯ್ದೆ ಮಾಡಿದ್ದ. ರಾತ್ರಿ ಊಟದ ಹೊತ್ತಿಗೆ ಹಿಂದಿನ ಗೇಟಿಗೆ ಬೀಗ. ಹಾಸಿಗಿ ಹಿಡಿದಾಕಿಗೆ ಅದನ್ನ ಯಾರು ಹೇಳಬೇಕು?

ಎಲ್ಲಾರೂ ಮಲಗಿದ್ರು. ಗೇಟಿನ ಸರಪಳಿ ಅಲ್ಲಾಡಿತು. ಝಣ್... ಝಣ್. ಆಮ್ಯಾಲೆ ಕೊಡ ಕಬ್ಬಿಣಕ್ಕ ತಾಗಿದ ಸಪ್ಪಳ. ಟಣ್.

"ಬಸವ್ವಾ..."

ಅನ್ನಮ್ಮನ ದನಿ! ಬಸವೇಶ್ವರಿ ಎದ್ದು ಕುಂತ್ಲು. ಅಕ್ಕ ಒಳಗ ಮಲಗ್ಯಾಳ... ಮತ್ತ ಹೊರಗ ಯಾರು?

ಮದುವ್ಯಾಗಿ ಬಂದ ಹೊಸದ್ರಾಗ ಅನ್ನಮ್ಮನೇ ಕಿವ್ಯಾಗ ಹೇಳಿದ್ಲು: "ರಾತ್ರಿ ಯಾರರ ಕರದ್ರ ಲಗೂನ ಓ ಅನಬ್ಯಾಡ ತಂಗಿ. ಮೂರನೇ ಕೂಗು ಕೇಳಿದ ಮ್ಯಾಲೆ ಅನ್ನು. ದೆವ್ವಕ್ಕ ಮೂರನೇ ಸಲ ಕರಿಯಾಕ ಬರಂಗಿಲ್ಲ."

"ಬಸವ್ವಾ... ಬಾ..."

ಈ ಸಲ ದನಿ ಸಣ್ಣಗಿತ್ತು. ಬಸವೇಶ್ವರಿ ತಾಳಿ ಹಿಡಕೊಂಡು ಮೂರನೇ ಕೂಗಿಗೆ ಕಾದ್ಲು. ಬರಲಿಲ್ಲ. ಧಡ್... ನೀರು ಗಳಗಳ ಚೆಲ್ಲಿದಂಗಾತು. ಆಮ್ಯಾಲೆ ಹುಳದ ಕಿರ್ರ್ ಅಷ್ಟ. ದೆವ್ವನ ಖರೇ ಅಂತ ಮುಸುಕು ಎಳಕೊಂಡ್ಲು.

ನಸುಕಿನ್ಯಾಗ ವಾಚ್‌ಮನ್ ಮೊಗುಲಪ್ಪ ಚೀರಿದ: "ಅಮ್ಮಾ, ಜಲ್ದಿ ರಾಂಡ್ರಿ! ಲಗೂನ ಬರ್ರಿ!"

ಗೇಟಿನ ಹೊರಗ ಅನ್ನಮ್ಮ ಸತ್ತು ಬಿದ್ದಿದ್ಲು. ಕಾಲಿಗೆ ಹಾವು ಕಡಿದ ಗುರ್ತು. ಮಗ್ಗಲಕ ಬರಿಗೊಡ. ಬಸವೇಶ್ವರಿ ಹಿಂದಿನ ಖೋಲಿಗೆ ಓಡಿ ನೋಡಿದ್ಲು. ಹಾಸಿಗಿ ಖಾಲಿ. ಗೊಣಗಿದ್ದು ಕೇಳಿ, ಬೀಗ ಬೀಳೋಕಿಂತ ಮೊದಲ ನೀರಿಗೆ ಹೋಗಿದ್ಲು, ಜ್ವರದಾಗ ಹೊಳ್ಳಿ ಬರೋದು ತಡಾಗಿತ್ತು.

ಉದಯಕುಮಾರ ಬಂದು ಮೆಲ್ಲಕ ಅಂದ, "ಜ್ವರದಾಗ ಹೋದ್ಲು ಅನ್ರಿ. ಗೇಟು, ಹಾವು ಅಂದ್ರ ಪ್ಲಾಟಿನ ರೇಟು ಬೀಳತೈತಿ." ಬಸವೇಶ್ವರಿನೂ ಹ್ಞೂಂ ಅಂದ್ಲು. ತಾನು ಕೂಗು ಕೇಳಿದ್ದು ಗಂಡಗೂ ಹೇಳಲಿಲ್ಲ. ವಾರದಾಗ ಬಾವಿಗೆ ಕಲ್ಲು ಮಣ್ಣು ತುಂಬಿ ಮ್ಯಾಲೆ ಸಿಮೆಂಟು ಬಡದ್ರು. ಆ ಕೊಡ ಅಡಿಗಿಮನ್ಯಾಗ ಬೋರಲ ಬಿತ್ತು. ಬಸವೇಶ್ವರಿ ಅದನ್ನ ಮುಟ್ಟಲಿಲ್ಲ.

ಅನ್ನಮ್ಮನ ದಿನಕರ್ಮ ಮುಗದ ರಾತ್ರಿಯಿಂದ ಸುರುವಾತು ನೋಡ್ರಿ. ಝಣ್... ಟಣ್... "ಬಸವ್ವಾ..." ಎರಡೇ ಕೂಗು. ಮಗ್ಗಲದಾಗ ಗಂಡ ಗೊರಕಿ ಹೊಡೀತಿದ್ದ. ಆಕಿಗೊಬ್ಬಾಕಿಗೇ ಕೇಳತಿತ್ತು. ದಿನಾ ರಾತ್ರಿ ಮೂರನೇದಕ್ಕ ಕಾಯೋದು, ಅದು ಬರದೇ ಬೆಳಗಾಗೋದು. ಕಡೀಕ ಒಂದು ರಾತ್ರಿ ತಡೀಲಿಲ್ಲ. ಎರಡನೇ ಕೂಗಿಗೇ "ಓ! ಬಂದ್ನಿ ಅಕ್ಕಾ!" ಅಂತ ಬರಿಗಾಲಾಗ ಓಡಿದ್ಲು. ಮೊಗುಲಪ್ಪನ್ನ ಎಬ್ಬಿಸಿದ್ಲು.

"ಬೀಗ ತಗಿ."

"ಯಾಕ್ರೀ ಅಮ್ಮಾ?"

"ಅಕ್ಕ ಹೊರಗ ನಿಂತಾಳೋ..."

ಆಕಿ ಮಾರಿ ನೋಡಿ ಆತ ಬೀಗ ತಗದ. ಕಿರ್ರ್... ಹೊರಗ ಯಾರಿಲ್ಲ. ಜಾಲಿ ಕಂಟಿ, ಕತ್ತಲಿ. ಬಸವೇಶ್ವರಿ ಬಿಕ್ಕಿ ಬಿಕ್ಕಿ ಅತ್ಲು. "ತಪ್ಪಾತಕ್ಕಾ... ನನ್ನ ಬಾಯಿಗೆ ಬೆಂಕಿ ಹಾಕ. ಒಳಗ ಬಾ..."

"ಬಸವ್ವಾ..."

ಮೂರನೇ ಕೂಗು. ಹೊರಗಿಂದ ಅಲ್ಲ. ಬೆನ್ನ ಹಿಂದ... ಬಸವೇಶ್ವರಿ ಅಡಿಗಿಮನ್ಯಾಗಿಂದ.

ಮೊಗುಲಪ್ಪನ ಕೈಯಾಗಿನ ಕೀಲಿ ಜಾರಿ ಬಿತ್ತು. ಆತಗೂ ಕೇಳಿತ್ತು.

ಇಬ್ರೂ ಬಂದು ಲೈಟು ಹಾಕಿದ್ರು. ಬೋರಲಿದ್ದ ಕೊಡ ನೆಟ್ಟಗ ಕುಂತಿತ್ತು. ತುಂಬಿತ್ತು, ಕಂಠದ ತನಕ. ನೀರು ಇನ್ನೂ ತುಳುಕತಿತ್ತು.

ನಂಬ್ರಿ, ಬಿಡ್ರಿ. ಬಾವಿ ಮ್ಯಾಲಿನ ಸಿಮೆಂಟು ಇವತ್ತಿಗೂ ಹಂಗೇ ಐತಿ, ಒಂದು ಬಿರುಕಿಲ್ಲ. ನಳಕ್ಕ ಉಪ್ಪು ನೀರೇ ಬರೋದು. ಬೆಳಿಗ್ಗೆ ಬಸವೇಶ್ವರಿ ಆ ಕೊಡದ ನೀರಾಗ ಚಾ ಇಟ್ಲು. ಮೊಗುಲಪ್ಪ ಕುಡದಾನ, ಬೇಕಾದ್ರ ಹೋಗಿ ಕೇಳ್ರಿ.

ಹಾಲು ಒಡೀಲಿಲ್ಲರಿ.