ಪೆಟ್ಟಿಗೆ ಎತ್ತಿದವರೇ ಬಾರಿಸಬೇಕು

ನವೆಂಬರ್ ಎಂಟನೆಯ ತಾರೀಖು, ಶನಿವಾರ, ಮುಂಜಾನೆ ಹತ್ತು ಗಂಟೆ. ರೆಕಾರ್ಡ್ ಮಾಡುವಾಗ ತಾರೀಖು, ಹೊತ್ತು ಮೊದಲು ಹೇಳಬೇಕು ಅಂದೆಯಲ್ಲ ಸಹನಾ, ಹೇಳಿದೆ. ಫೋನು ಅಲ್ಲೇ ಕಟ್ಟೆಯ ಮೇಲೆ ಇರಲಿ, ನನ್ನ ಮುಖದ ಹತ್ತಿರ ಹಿಡಿಯಬೇಡ. ಅಲ್ಲ, ಹೆದರಿಕೆ ಅಲ್ಲ. ಟಿಕೋಟಾಕ್ಕೆ ಬರಲು ನನಗೇನೂ ಹೆದರಿಕೆ ಇಲ್ಲ. ನಿಮ್ಮ ಕಾಲೇಜಿನ ಹುಡುಗಿಯರ ತಂಡದಲ್ಲಿ ಬೇಸ್ ಗಿಟಾರ್ ಬಾರಿಸುವವಳ ಮದುವೆ ಗೊತ್ತಾಯಿತು, ಮುಂದಿನ ಭಾನುವಾರ ಅಲ್ಲಿಯ ಮಹಿಳಾ ಸಂಘದ ಕಾರ್ಯಕ್ರಮ, ಅತ್ತಿ, ಅವಳ ಬದಲಿಗೆ ನೀನೇ ಬಂದು ಬಾರಿಸು ಎಂದು ನೀನು ಕೇಳಿದೆ, ಆಗುವುದಿಲ್ಲ ಎಂದು ನಾನು ಅಂದೆ. ನನ್ನ ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಒಳಗಿನ ಕೋಣೆಯಲ್ಲಿ ನಿಂತಿರುವ ನಮ್ಮಪ್ಪನ, ಅಂದರೆ ನಿನ್ನ ಅಜ್ಜನ, ಸ್ಪೀಕರ್ ಪೆಟ್ಟಿಗೆಯನ್ನು ನಾನಿನ್ನು ಎತ್ತಲಾರೆ. ಎತ್ತಲಾರದವಳು ಬಾರಿಸಬಾರದು, ಇದು ನಾನು ಇಟ್ಟುಕೊಂಡ ನಿಯಮ. ಅದಕ್ಕೆ ನೀನು ಹೆಗಲ ಚೀಲದಿಂದ ಆ ಸಣ್ಣ ಸ್ಪೀಕರ್ ಪೆಟ್ಟಿಗೆಯನ್ನು ತೆಗೆದು ನನ್ನ ಮುಂದೆ ಇಟ್ಟೆ. ಊಟದ ಡಬ್ಬಿಗಿಂತ ತುಸು ದೊಡ್ಡದು, ಅಷ್ಟೇ. "ಅತ್ತಿ, ಇದನ್ನ ಎರಡ ಬೆರಳಿಗೆ ಸಿಗಸ್ಕೊಂಡ ಬಂದೇನಿ. ದನಿ ಸಾಲದಿದ್ರ ಮೈಕಿನವರ ಸ್ಪೀಕರಿಗೆ ಒಂದ ವೈರ್ ಕೊಟ್ರ ಆತು. ಇದರಾಗ ಎತ್ತೂದೇನೈತಿ?" ಎಂದೆ. ನನಗೆ ಸಿಟ್ಟು ಬಂತು. ಯಾಕೆ ಬಂತೆಂದು ನಿನಗೆ ತಿಳಿಯಲಿಲ್ಲ. ಅದನ್ನೇ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

ಅಪ್ಪ ಇದೇ ಇಬ್ರಾಹಿಂಪುರದ ಮನೆಯ ಮುಂದಿನ ಕೋಣೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ರೈಲು ಹೋಗುವಾಗ ಕೆಲಸ ನಿಲ್ಲಿಸುತ್ತಿದ್ದರು, ಮೇಜು ನಡುಗುತ್ತಿತ್ತು, ಗೊತ್ತಲ್ಲ. ಸಂಜೆಗೆ ಗದಿಗೆಪ್ಪ ಮಾಸ್ತರರ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದರು. ಆ ಕಾಲದಲ್ಲಿ ಹಳ್ಳಿಗಳಲ್ಲಿ ಒಂದು ರೂಢಿ ಇತ್ತು. ಮಧ್ಯಾಹ್ನ ಟೆಂಪೋ ಬಂದು ನಿಂತ ಕೂಡಲೇ ಊರಿನ ಹಿರಿಯರು ಬಂದು ಹಾಡುವವರು ಯಾರು, ಯಾವ ಹಾಡು ಹಾಡುತ್ತೀರಿ ಎಂದು ಕೇಳುತ್ತಿರಲಿಲ್ಲ. ಪೆಟ್ಟಿಗೆಗಳ ಸುತ್ತ ಒಂದು ಸುತ್ತು ಬಂದು, ಗೇಣು ಹಾಕಿ, ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದರು. "ಹೋದ ವರ್ಷ ಬಂದವರ ಡಬ್ಬಿ ಇದಕ್ಕಿಂತ ದೊಡ್ಡವು ಇದ್ದೂ ನೋಡ್ರಿ" ಎಂದು ಒಬ್ಬ ಅಂದರೆ ಮುಗಿಯಿತು, ಆ ತಂಡಕ್ಕೆ ಚಹಾ ಕೂಡ ತಡವಾಗಿ ಬರುತ್ತಿತ್ತು. ಹಾಗಾಗಿ ಅಪ್ಪ ದೊಡ್ಡದೊಂದು ಪೆಟ್ಟಿಗೆಯನ್ನು ಸ್ವತಃ ಮಾಡಿದರು. ದಪ್ಪ ಪ್ಲೈವುಡ್, ಮೇಲೆ ಕಪ್ಪು ರೆಕ್ಸಿನ್, ಮೂಲೆಗೆ ಹಿತ್ತಾಳೆ, ಒಳಗೆ ಹಿಟ್ಟು ನಾದುವ ಪರಾತದಷ್ಟು ಅಗಲದ ಸ್ಪೀಕರು. ಅಪ್ಪನಿಗಿಂತ ಎತ್ತರ ಇತ್ತು. ಅಲ್ಲ, ತಪ್ಪು ಹೇಳಿದೆ, ಅಪ್ಪನ ಎದೆಯ ಮಟ್ಟಕ್ಕೆ ಇತ್ತು, ನಾನು ಸಣ್ಣವಳಾಗಿದ್ದಾಗ ನೋಡಿದ ಅಂದಾಜು ಅದು. ಕೆಳಗಡೆ ಮುಷ್ಟಿ ಹೋಗುವಷ್ಟು ಒಂದು ತೂತು, ಗಾಳಿ ಆಡಲು. ದಪ್ಪ ದನಿ ಹುಟ್ಟಬೇಕಾದರೆ ಗಾಳಿಗೆ ಜಾಗ ಬೇಕು ಎನ್ನುತ್ತಿದ್ದರು. ಅದು ಸುಳ್ಳಲ್ಲ. ಆದರೆ ಅಷ್ಟು ಜಾಗ ಬೇಕಿದ್ದದ್ದು ಗಾಳಿಗಿಂತ ಹೆಚ್ಚು ಆ ಹಿರಿಯರ ಕಣ್ಣಿಗೆ.

ನಾನು ಎಂ.ಎ. ಮುಗಿಸಿದ ವರ್ಷವೇ ಅಪ್ಪ ತೀರಿಕೊಂಡರು. ನಿಮ್ಮಪ್ಪ ಇನ್ನೂ ಸಾಲಿಗೆ ಹೋಗುತ್ತಿದ್ದ. ನಾನು ಅರ್ಜಿ ಹಾಕದ ಕಾಲೇಜಿಲ್ಲ, ಕರೆಯುವವರಿಲ್ಲ. ಮನೆಯಲ್ಲಿ ಎರಡು ಹೊತ್ತಿನ ರೊಟ್ಟಿಯನ್ನು ಅವ್ವ ಮೂರು ಪಾಲು ಮಾಡಿ, ತನ್ನ ಪಾಲು ಯಾವುದೆಂದು ನಮಗೆ ತಿಳಿಯದಂತೆ ಮಾಡುತ್ತಿದ್ದಳು. ಹದಿಮೂರನೆಯ ದಿನ ಕಳೆದ ಮೇಲೆ ಗದಿಗೆಪ್ಪ ಮಾಸ್ತರರು ಡ್ರಮ್ ಬಾರಿಸುವ ಮಲ್ಲುವನ್ನು ಕರೆದುಕೊಂಡು ಬಂದರು. ಗಿಟಾರನ್ನೂ ಪೆಟ್ಟಿಗೆಯನ್ನೂ ಕೊಳ್ಳುತ್ತೇವೆ ಅಂದರು. ನಾನು ಒಳಗಿನಿಂದ ಬಂದು, ಕೊಡುವುದಿಲ್ಲ, ನಾನೇ ಬಾರಿಸುತ್ತೇನೆ ಎಂದೆ. ಅಪ್ಪನ ಪಕ್ಕದಲ್ಲಿ ಕುಳಿತು ಕಲಿತಿದ್ದೆ, ಅವರ ಎಲ್ಲ ಹಾಡುಗಳೂ ನನ್ನ ಬೆರಳಿಗೆ ಬರುತ್ತಿದ್ದವು. ಮಾಸ್ತರರು ನನ್ನನ್ನು ನೋಡಲಿಲ್ಲ, ಅವ್ವನನ್ನು ನೋಡಿದರು.

"ಏನ್ ಅಂತಾರ್ರಿ ಇವರು?"

"ನನಗೇನ ಕೇಳ್ತೀರಿ? ಓದಿದಾಕಿ ಆಕಿ. ಆಕಿನ್ನ ಕೇಳ್ರಿ."

ಮಾಸ್ತರರು ಬಾರಿಸಿ ತೋರಿಸಲು ಹೇಳಿದರು. ಬಾರಿಸಿದೆ. ಟೊಪ್ಪಿಗೆ ತೆಗೆದು ಬಹಳ ಹೊತ್ತು ತಲೆ ಕೆರೆದುಕೊಂಡರು. ಓದಿದವಳೆಂದು ಮರ್ಯಾದೆಗೆ ನನ್ನನ್ನು ಬಾಯಾರ ಎಂದು ಕರೆದರು. "ಕೈ ಐತಿ, ಇಲ್ಲ ಅನ್ನೂದಿಲ್ಲ. ಆದ್ರ ಬಾಯಾರ, ಒಂದ ಮಾತು. ನಮ್ಮಲ್ಲಿ ಅವರವರ ಸಾಮಾನು ಅವರವರ ಎತ್ತಬೇಕು. ನಿಮ್ಮ ಸಲುವಾಗಿ ಬ್ಯಾರೆ ಆಳ ತರಾಕ ಆಗೂದಿಲ್ಲ. ಡಬ್ಬಿ ಎತ್ತಿದವರ ಬಾರಸಬೇಕು." ಮಲ್ಲು ಪೆಟ್ಟಿಗೆಯನ್ನೂ ನನ್ನನ್ನೂ ಅಳೆದು ನೋಡಿ ನಕ್ಕ. "ಯಪ್ಪಾ! ಡಬ್ಬಿನ ಇವರನ್ನ ಹೊತ್ಕೊಂಡ ಬರತೈತಿ, ತಗೋರಿ." ನಾನು, ಎತ್ತುತ್ತೇನೆ ಎಂದೆ. ಅಷ್ಟೇ ಹೇಳಿದೆ.

ಎತ್ತುವುದು ಎಂದರೆ ಎತ್ತುವುದಲ್ಲ, ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿನಗೆ ಬೇರೆ ಚಿತ್ರ ಬರುತ್ತದೆ. ಅದನ್ನು ಒಬ್ಬರೇ ಎತ್ತಲು ಬರುತ್ತಿರಲಿಲ್ಲ, ಅಪ್ಪನಿಗೂ ಬರುತ್ತಿರಲಿಲ್ಲ. ಒಂದು ಮೂಲೆಯ ಮೇಲೆ ವಾಲಿಸಿ, ತಿರುಗಿಸಿ, ಇನ್ನೊಂದು ಮೂಲೆಯ ಮೇಲೆ ಇಳಿಸಿ, ಹೀಗೆ ಅದನ್ನು ನಡೆಸಬೇಕು, ಹಟ ಮಾಡುವ ಎಮ್ಮೆಯನ್ನು ನಡೆಸಿದ ಹಾಗೆ. ಇಟ್ಟಂಗಿಹಾಳದಲ್ಲಿ ಮಳೆ ಬಂದು ಎರೆಮಣ್ಣು ಅಂಟುವಾಗ ಸೀರೆಯ ಸೆರಗು ಸೊಂಟಕ್ಕೆ ಬಿಗಿದು ನಡೆಸಿದೆ. ಘೋಣಸಗಿಯಲ್ಲಿ ಟೆಂಪೋ ಒಳಗೆ ಬರಲಾರದ ಓಣಿಯಲ್ಲಿ ನಡೆಸಿದೆ. ಪೆಟ್ಟಿಗೆಗೆ ಒಂದು ಬದಿಗೆ ಮಾತ್ರ ಹಿಡಿಕೆ ಇತ್ತು, ಇನ್ನೊಂದು ಬದಿಯದು ಮುರಿದಿತ್ತು. ಅದು ಈ ಮಾತಿಗೆ ಸಂಬಂಧ ಇಲ್ಲ, ಬಿಡು. ಜನ ನೋಡುತ್ತಿದ್ದರು. ಓದಿದ ಹುಡುಗಿಗೆ ಯಾಕೆ ಬೇಕು ಈ ಹಮಾಲಿ ಎಂದು ನನಗೆ ಕೇಳುವಂತೆಯೇ ಅನ್ನುತ್ತಿದ್ದರು. ಮಲ್ಲು ಮಾತ್ರ ಪ್ರತಿ ಊರಿಗೂ, "ಬಾಯಾರ, ಕೈ ಹಚ್ಚಲೇನ್ರಿ?" ಎಂದು ಹಲ್ಲು ಕಿರಿಯುತ್ತಿದ್ದ. ಹಚ್ಚು ಎಂದರೆ ಅದು ಮಾಸ್ತರರ ಕಿವಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಬೇಡ ಎನ್ನುತ್ತಿದ್ದೆ. ದಿನದ ಕೊನೆಗೆ ಬಾರಿಸಿದ ಆಯಾಸ ಒಂದು ತೂಕವಾದರೆ, ಅದನ್ನು ನಡೆಸಿದ ಆಯಾಸ ಹತ್ತು ತೂಕ. 

ಬಬಲೇಶ್ವರದ ಕಾರ್ಯಕ್ರಮ ಬಂದಾಗ ಪೆಟ್ಟಿಗೆ ಒಮ್ಮೆಲೇ ಹೆಚ್ಚು ಭಾರ ಅನ್ನಿಸಿತು. ಮನೆಯ ಹೊಸ್ತಿಲು ದಾಟಿಸುವಾಗಲೇ ಅನ್ನಿಸಿತು. ಪೆಟ್ಟಿಗೆ ಭಾರವಾಗಿದೆ ಎಂದು ನನಗೆ ಹೊಳೆಯಲಿಲ್ಲ, ನಾನೇ ಸೊರಗಿದ್ದೇನೆ ಎಂದುಕೊಂಡೆ. ಅರೆಹೊಟ್ಟೆಯ ಆ ತಿಂಗಳುಗಳಲ್ಲಿ ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಅಲ್ಲಿ ಎರಡು ಟ್ರ್ಯಾಕ್ಟರ್ ಟ್ರೇಲರುಗಳನ್ನು ಜೋಡಿಸಿ ವೇದಿಕೆ ಮಾಡಿದ್ದರು, ಹತ್ತಲು ಒಂದು ಹಲಗೆ ಚಾಚಿದ್ದರು. ಹಲಗೆಯ ಮಧ್ಯದಲ್ಲಿ ಪೆಟ್ಟಿಗೆ ಹಿಂದಕ್ಕೆ ವಾಲಿತು. ಬಿಟ್ಟರೆ ಕೆಳಗೆ ಬಿದ್ದು ಒಡೆಯುತ್ತದೆ, ಪೆಟ್ಟಿಗೆಯ ಜೊತೆ ಕೆಲಸವೂ. ಭುಜ ಕೊಟ್ಟೆ. ಒಳಗೆ ಏನೋ ಹರಿದ ಸಪ್ಪಳ ನನಗೆ ಕೇಳಿಸಿತು, ಹಳೆಯ ಧೋತರ ಹರಿದ ಹಾಗೆ. ಮಲ್ಲು ಓಡಿ ಬಂದ. "ಬ್ಯಾಡ" ಎಂದೆ. ಅವನು ನಿಂತ. ಮೇಲೆ ಹತ್ತಿಸಿದೆ.

ಸಂಜೆ ಕಾರ್ಯಕ್ರಮಕ್ಕೆ ಮೊದಲು ಎಲ್ಲರೂ ಒಂದೊಂದು ಸಲ ಬಾರಿಸಿ ನೋಡುವಾಗ ನನ್ನ ಪೆಟ್ಟಿಗೆಯಿಂದ ದನಿಯೇ ಇಲ್ಲ. ಇದ್ದರೂ ಹಾಸಿಗೆ ಬಡಿದಂಥದ್ದು. ಮಾಸ್ತರರು, "ಏನ್ರಿ ಬಾಯಾರ, ನಿಮ್ಮ ಡಬ್ಬಿಗೆ ನೆಗಡಿ ಆಗೈತೇನು?" ಅಂದರು. ಬಗ್ಗಿ ನೋಡಿ, ಕೆಳಗಿನ ತೂತಿನಲ್ಲಿ ತುರುಕಿದ್ದ ಅರಿವೆಯನ್ನು ಎಳೆದರು. ಧೂಳು ಹೋಗದಿರಲಿ ಎಂದು ಅವ್ವ ಇಟ್ಟಿದ್ದಾಳೆ ಎಂದು ನಾನು ತಿಳಿದಿದ್ದೆ. "ಈಗ ಬಾರಸ್ರಿ" ಅಂದರು. ದಪ್ಪ ತಂತಿಯನ್ನು ಮೀಟಿದೆ. ತೂತಿನಿಂದ ಪುಟಪುಟ ಎಂದು ಜೋಳದ ಕಾಳು ಹಾರಿ ಬಂದವು. ಇನ್ನೊಮ್ಮೆ ಮೀಟಿದೆ, ಮತ್ತೊಂದು ಹಿಡಿ. ಮುಂದಿನ ಸಾಲಿನಲ್ಲಿ ಕುಳಿತ ಮುದುಕನೊಬ್ಬ ಎದ್ದು ನಿಂತು ಕೂಗಿದ: "ಏ, ನೋಡ್ರಲೇ! ಡಬ್ಬಿ ರಾಶಿ ಮಾಡಾಕತ್ತೈತಿ!"

ನಗು ಊರೆಲ್ಲ ಹಬ್ಬಿತು. ಹಿಂದಿನ ಹಲಗೆಯ ಸ್ಕ್ರೂ ಬಿಚ್ಚಿದರೆ ಒಳಗೆ ಎರಡು ಸಣ್ಣ ಚೀಲ ಜೋಳ. ಒಂದು ಟೆಂಪೋದ ಕುಲುಕಿಗೆ ಮೊಳೆಗೆ ಸಿಕ್ಕಿ ಹರಿದಿತ್ತು. ನಾನು ಭೂಮಿ ಬಾಯಿ ಬಿಡಲಿ ಎಂದು ನಿಂತಿದ್ದೆ. ಆಗ ಹೆಂಗಸರ ಸಾಲಿನಿಂದ ಒಬ್ಬ ಗಟ್ಟಿ ಹೆಂಗಸು ವೇದಿಕೆಯ ಹತ್ತಿರ ಬಂದಳು. "ನಗೂದ ಆಮ್ಯಾಲ ನಗ್ರಿ. ಕಾಳಿನ ಮ್ಯಾಲ ಕಾಲ ಇಡಬ್ಯಾಡ್ರಿ ಮೊದಲ. ಚಪ್ಪಲಿ ಬಿಡ್ರಿ, ಕೆಳಗ ಕುಂದರ್ರಿ, ಆರಸ್ರಿ. ಏ ಮಾಸ್ತರ, ನಿಮಗೂ ಹೇಳಾಕತ್ತೇನಿ." ಕಾಳು ತುಳಿಯಬಾರದು ಎನ್ನುವುದು ಅಲ್ಲಿ ಮೀರುವ ಮಾತಲ್ಲ. ಗದಿಗೆಪ್ಪ ಮಾಸ್ತರರು ಕೋಟು ಬಿಚ್ಚಿ ಕುಳಿತರು, ಹಾಡುವವರು ಕುಳಿತರು, ಎಲ್ಲರೂ ಟ್ರೇಲರಿನ ಸಂದಿಯಿಂದ ಒಂದೊಂದು ಕಾಳು ಹೆಕ್ಕಿದರು. ಜನ ಕಾದರು. ಯಾರೂ ಬೇಗ ಮಾಡಿ ಎನ್ನಲಿಲ್ಲ.

ನನ್ನ ಎದುರಿಗೆ ಮಲ್ಲು ಕುಳಿತಿದ್ದ. ಚೀಲದ ತೂಕ ನೋಡಿದ ಮೇಲೆ ಅವನ ಹಲ್ಲು ಒಳಗೆ ಹೋಗಿದ್ದವು. "ಬಾಯಾರ, ಇಷ್ಟ ಭಾರ ಎತ್ತೀರಿ. ಒಂದ ಮಾತ ಕರೀಬಾರದೇನ್ರಿ ನಮ್ಮನ್ನ?"

"ಕರದಿದ್ರ ಮುಂದಿನ ಊರಿಗೆ ಬ್ಯಾರೆಯವರನ್ನ ತರ್ತಿದ್ರಿ."

ಅವನು ಹೆಕ್ಕಿದ ಕಾಳನ್ನು ಚೀಲಕ್ಕೆ ಹಾಕಿದ. ಆಮೇಲೆ, "ತರ್ತಿದ್ವಿ, ಖರೆ" ಅಂದ. ಅವನು ಸುಳ್ಳು ಹೇಳಲಿಲ್ಲ, ಅದಕ್ಕಾಗಿ ಅವನ ಮೇಲೆ ನನಗೆ ಈಗಲೂ ಗೌರವ ಇದೆ. ಆ ದಿನ ಭುಜವನ್ನು ಸೆರಗಿನಿಂದ ಬಿಗಿದು ಕೊನೆಯ ಹಾಡಿನವರೆಗೂ ಬಾರಿಸಿದೆ. ಕೆಲಸ ಉಳಿಯಿತು.

ಮನೆಗೆ ಬಂದು ಅವ್ವನ ಮೇಲೆ ಹಾರಾಡಿದೆ. ನನ್ನ ಅಜ್ಜನ ಕಡೆಯ ಹೊಲದಿಂದ ಬಂದ ಜೋಳ ಅದು. ಹಳಿಯ ಕಡೆಯಿಂದ ಬರುವ ಇಲಿಗಳು ಮಡಕೆ ಮುಚ್ಚಳವನ್ನೂ ಬಿಡುತ್ತಿರಲಿಲ್ಲ, ಅಪ್ಪನ ಪ್ಲೈವುಡ್ಡಿಗೆ ಮಾತ್ರ ಅವುಗಳ ಹಲ್ಲು ನಾಟುತ್ತಿರಲಿಲ್ಲ. ಅವ್ವನೇ ಸ್ಕ್ರೂ ಬಿಚ್ಚಿ ತುಂಬಿ, ತೂತಿಗೆ ಅರಿವೆ ತುರುಕಿದ್ದಳು. ಹೇಳಲು ಮರೆತಿದ್ದಳು. "ಖಾಲಿ ಪೆಟ್ಟಿಗಿ ನಿಂತಿತ್ತು, ಇಟ್ಟೆ. ತಪ್ಪೇನಾತು?" ಅಂದಳು.

"ಅದು ಖಾಲಿ ಅಲ್ಲ, ಯವ್ವಾ. ಗಾಳಿ ಇರತೈತಿ ಅದರಾಗ, ಗಾಳಿ ಇರಬೇಕು."

"ಗಾಳಿ ತಿನ್ನಾಕ ಬರತೈತೇನ್ ನಿನಗ?"

 ಮರುದಿನ ಆ ಜೋಳದ ರೊಟ್ಟಿಯನ್ನೇ ತಿಂದೆವು. ಹಲ್ಲಿಗೆ ಸ್ವಲ್ಪ ಮಣ್ಣು ಸಿಕ್ಕಿತು.

ಕಾಲೇಜಿನಲ್ಲಿ ಕೆಲಸ ಸಿಗುವವರೆಗೆ ಅದೇ ಭುಜದಿಂದ ಪೆಟ್ಟಿಗೆ ನಡೆಸಿದೆ. ಆಮೇಲೆ ವೇದಿಕೆ ಹತ್ತಲಿಲ್ಲ. ಭುಜ ನೆಟ್ಟಗಾಗಲಿಲ್ಲ. ಕರೆದವರಿಗೆಲ್ಲ ಎತ್ತಲಾರೆ, ಆದ್ದರಿಂದ ಬಾರಿಸಲಾರೆ ಎಂದೆ. ಈಗ ಹೇಳು, ನಾನು ಭುಜ ಹರಿದುಕೊಂಡು ಒಯ್ದದ್ದನ್ನು ನೀನು ಎರಡು ಬೆರಳಿಗೆ ಸಿಗಿಸಿಕೊಂಡು ಬಂದರೆ ನನಗೆ ಏನಾಗಬೇಕು? ಸಂತೋಷ ಆಗಬೇಕಿತ್ತು. ಆಗಲಿಲ್ಲ. ಅಷ್ಟು ವರ್ಷ ಸುಮ್ಮನೆ ಹೋದವು ಅನ್ನಿಸಿತು.

ಆದರೆ ಬೆಳಿಗ್ಗೆ ನೀನು ಹಾಲು ತರಲು ಹೋದಾಗ ನಾನು ಗಿಟಾರ್ ತೆಗೆದು ನಿನ್ನ ಸಣ್ಣದಕ್ಕೆ ಜೋಡಿಸಿ ಬಾರಿಸಿದೆ. ಯಾಕೆ ಹಾಗೆ ನೋಡುತ್ತೀ? ಬಾರಿಸಿದೆ. ಅಪ್ಪನ ಪೆಟ್ಟಿಗೆಯಲ್ಲಿ ದನಿ ಕಿವಿಗಿಂತ ಮೊದಲು ಮೀನಖಂಡಕ್ಕೆ ತಾಗುತ್ತಿತ್ತು, ನಿಂತ ನೆಲ ತನ್ನದಾಗುತ್ತಿತ್ತು. ಇದರಲ್ಲಿ ಅದಿಲ್ಲ. ಇದು ಅಷ್ಟೇ ಒಳ್ಳೆಯದು ಎಂದು ನನ್ನಿಂದ ಹೇಳಿಸಬೇಡ. ಆದರೆ ದನಿ ಸ್ವಚ್ಛ ಇದೆ. ನನ್ನ ಕಿರುಬೆರಳು ಎಲ್ಲಿ ಜಾರಿತು ಎನ್ನುವುದೂ ಕೇಳುತ್ತದೆ. ಎರಡು ಹಾಡು ಬಾರಿಸಿ ಕೆಳಗಿಟ್ಟೆ. ಮೈ ದಣಿದಿರಲಿಲ್ಲ. ಬಾರಿಸಿದ ಮೇಲೆ ಮೈ ದಣಿಯದೆ ಇದ್ದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆಗ ನನಗೆ ಒಂದು ಹೊಳೆಯಿತು. ಆ ನಿಯಮವನ್ನು ಮಾಸ್ತರರು ಸಂಗೀತಕ್ಕಾಗಿ ಮಾಡಿರಲಿಲ್ಲ. ನನ್ನನ್ನು ಬೇಡ ಎನ್ನಲು ಒಂದು ಮರ್ಯಾದೆಯ ದಾರಿ ಅವರಿಗೆ ಬೇಕಿತ್ತು, ಅಷ್ಟೇ. ನಾನು ಅದನ್ನು ಪಾಲಿಸಿ ಗೆದ್ದೆ. ಗೆದ್ದ ಮೇಲೆ ಬಿಟ್ಟುಬಿಡಬೇಕಿತ್ತು. ತಂಡ ಮುರಿದು ಎಷ್ಟೋ ಕಾಲವಾಯಿತು, ಮಾಸ್ತರರೂ ಇಲ್ಲ, ಅವರ ಪರವಾಗಿ ನನ್ನನ್ನು ನಾನೇ ಬೇಡ ಎನ್ನುತ್ತಾ ಇಲ್ಲಿ ಕುಳಿತಿದ್ದೇನೆ.

ಹೊಟ್ಟೆಪಾಡಿಗಾಗಿ ಹೊತ್ತದ್ದನ್ನು ಹೊಟ್ಟೆ ತುಂಬಿದ ಮೇಲೆ ಇಳಿಸಬೇಕು. ದೊಡ್ಡ ಪೆಟ್ಟಿಗೆಯನ್ನು ನಾನು ಮಾರುವುದಿಲ್ಲ, ಎಲ್ಲಿಗೂ ಒಯ್ಯುವುದೂ ಇಲ್ಲ. ಮುಂದಿನ ಭಾನುವಾರ ಟಿಕೋಟಾಕ್ಕೆ ಬರುತ್ತೇನೆ. ಕುರ್ಚಿಯ ಮೇಲೆ ಕುಳಿತು ಬಾರಿಸುತ್ತೇನೆ. ಸಣ್ಣದನ್ನು ನೀನು ಹಿಡಿದುಕೊಂಡು ಬಾ.