ಅಪೋ ಬಸಿಲಿಸಾ ಎತ್ತಿದ ಹಾಡು

ಸ್ಪೇನಿನವರು ಹಿಂದೆ ಆಳಿದ್ದ ದ್ವೀಪನಾಡಿನ ಇಲೋಕೋಸ್ ಕಡಲತಡಿಯ ಆ ಊರಿನ ಮೇಲೆ ಬೆಳಗಿನಿಂದ ಚಂಡಮಾರುತ ಮುರಿದುಕೊಂಡು ಬಿದ್ದಿತ್ತು. ದೀಪ ಹಚ್ಚುವ ಹೊತ್ತಿಗೆ ಅಕ್ಕಪಕ್ಕದವರೆಲ್ಲ ನತಾಲಿಯಾ ಅಜ್ಜಿಯ ಮನೆಗೆ ಬಂದು ಸೇರಿದ್ದರು. ಸಂಜೆಯ ಪ್ರಾರ್ಥನೆಯೂ ಹಾಡೂ ಮುಗಿದು, ಬೇಯಿಸಿದ ಕಡಲೆಕಾಯಿಯ ಬುಟ್ಟಿಯೂ ಕಬ್ಬಿನ ಹೆಂಡದ ಜಾಡಿಯೂ ಕೈಯಿಂದ ಕೈಗೆ ಹೋಗುತ್ತಿದ್ದವು. ಈಸಿಂಗ್ ಒಬ್ಬಳೇ ಬುಟ್ಟಿಗೆ ಕೈಹಾಕದೆ ಕೂತಿದ್ದಳು. ಅಜ್ಜಿಯ ಮೊಮ್ಮಗನ ಕೈಹಿಡಿದು ಬಂದವಳು, ಈಗ ತುಂಬು ಬಸುರಿ. ಅವಳ ತವರಿನವರು ರೋಮಿನ ಪೋಪ್‌ಗೆ ನಡೆದುಕೊಳ್ಳುವವರು. ಈ ಮನೆಯವರು ಪೋಪ್‌ನನ್ನು ಬಿಟ್ಟು ತಮ್ಮದೇ ಕ್ಯಾಥೊಲಿಕ್ ಸಭೆ ಕಟ್ಟಿಕೊಂಡವರು.

"ಅಜ್ಜಿ, ಸಂತೇಲಿ ನಮ್ಮಣ್ಣ ಎಲ್ಲರೆದುರಿಗೆ ಅಂದ್ಬಿಟ್ಟ," ಎಂದಳು ಕೊನೆಗೆ. "'ಪೋಪ್ ಇಲ್ಲದ ಕ್ಯಾಥೊಲಿಕರಂತೆ! ರುಂಡ ಇಲ್ಲದ ಮುಂಡಗಳು! ಮಗೂಗೆ ದೀಕ್ಷಾಸ್ನಾನ ನಮ್ಮ ಕಲ್ಲು ಚರ್ಚಲ್ಲೇ ಮಾಡಿಸು, ನಿಮ್ಮದು ಬರೀ ಬಿದಿರು ಗೂಡು' ಅಂತ. ನಾನು ತಲೆ ತಗ್ಗಿಸಿ ಮನೆಗೆ ಬಂದ್ಬಿಟ್ಟೆ."

ಊರಿನ ಮುದುಕಿಯರಂತೆ ಬೆಂಕಿಯ ತುದಿಯನ್ನೇ ಬಾಯೊಳಗಿಟ್ಟು ಸೇದುತ್ತಿದ್ದ ಚುಟ್ಟವನ್ನು ಅಜ್ಜಿ ಹೊರಗೆ ತೆಗೆದಳು.

"ಕಲ್ಲು ಚರ್ಚಾ? ಆ ಕಲ್ಲು ಹೊತ್ತಿದ್ದು ನಮ್ಮೋರೂ ಅವನೋರೂ ಸೇರೇ ಕಣೆ. ಸ್ಪೇನಿನ ಪಾದ್ರಿ ಬೆತ್ತ ಹಿಡ್ಕೊಂಡು ನಿಂತಿರ್ತಿದ್ದ... ಕೇಳು. ಎಲ್ಲರೂ ಕೇಳಿ. ಇದು ನಮ್ಮವ್ವ ಕಣ್ಣಾರೆ ಕಂಡಿದ್ದು.

"ಸ್ಪೇನಿನವರು ಹೋದ ಮೇಲೆ ನಮ್ಮೋರು ಅಂದ್ರು, ನಮ್ಮ ಮಣ್ಣಲ್ಲಿ ಹುಟ್ಟಿದ ಪಾದ್ರಿ ಸಾಕು, ದೂರದ ಪೋಪ್ ಅಪ್ಪಣೆ ಬೇಡ. ಅದೇ ಪೂಜೆ, ಅದೇ ಜಪಮಾಲೆ, ಅದೇ ಮೇರಿಯಮ್ಮ... ತಲೆ ಬಗ್ಗಿಸೋದು ಮಾತ್ರ ದೇವರೊಬ್ಬನಿಗೆ. ಆ ಮಾತು ಮೊದಲು ಆಡಿದೋಳು ಬಸಿಲಿಸಾ, ಊರೆಲ್ಲ ಗೌರವದಿಂದ 'ಅಪೋ' ಅಂತ ಕರೀತಿದ್ದ, ಚರ್ಚಲ್ಲಿ ಹಾಡು ಎತ್ತೋ ಮುದುಕಿ. ಅವಳು ಮೊದಲ ಸಾಲು ಎತ್ತಿದ್ರೆ ಕಡಲಲ್ಲಿ ಬಲೆ ಎಳೆಯೋರಿಗೂ ಕೇಳ್ತಿತ್ತು. ಕೆಲವು ವರ್ಷ ಆ ಕಲ್ಲು ಚರ್ಚು ನಮ್ಮ ಕೈಲೇ ಇತ್ತು. ಆಮೇಲೆ ಕೋರ್ಟು ಅಂತು, ಕಟ್ಟಡ ರೋಮಿನವರದು, ಬಿಟ್ಟು ಹೊರಡಿ. ಸುದ್ದಿ ಬಂದ ವಾರಾನೇ ಬಸಿಲಿಸಾ ಸತ್ತಳು. ನಮ್ಮವ್ವ ಹೋಗಿ ಮಣ್ಣು ಹಾಕಿ ಬಂದ್ಳು.

"ಬೀಗ ಒಪ್ಪಿಸೋ ದಿನ ಬಂತು. ನಡುಮಧ್ಯಾಹ್ನ, ಸುಡು ಬಿಸಿಲು. ಹೊರಗೆ ಬಂದೂಕು ಹಿಡಿದ ಪೊಲೀಸರು, ಅವರ ಹಿಂದೆ ಗೇಲಿ ಮಾಡೋಕೆ ನೆರೆದ ಜನ. ಒಳಗೆ ನಮ್ಮೋರು ಕಳ್ಳರ ಹಾಗೆ ತಲೆ ತಗ್ಗಿಸಿ ಅಳ್ತಾ ನಿಂತಿದ್ರು. ಹಾಡಿಕೊಂಡೇ ಹೊರಡೋಣ ಅಂದ್ರು ಪಾದ್ರಿ. ಯಾರು ಎತ್ತಬೇಕು? ಯಾರ ಗಂಟಲಲ್ಲಿ ದನಿ ಉಳಿದಿತ್ತು, ಹೇಳಿ? ಆಗ... ಬಲಿಪೀಠದ ಹತ್ತಿರದಿಂದ ಹಾಡು ಎದ್ದಿತು.

"ಯಾರ ದನಿ ಅಂತ ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತಲ್ಲ! ನಮ್ಮವ್ವ ನೋಡ್ತಾಳೆ, ಬಸಿಲಿಸಾ ನಡುದಾರಿಯಲ್ಲಿ ಬರ್ತಿದ್ದಾಳೆ. ಹೂಳುವಾಗ ಉಡಿಸಿದ್ದ ಅದೇ ಬಿಳಿ ಲಂಗ, ಅಂಚಿಗೆಲ್ಲ ಗೋರಿಯ ಹಸಿಮಣ್ಣು. ಯಾರ ಮುಖಾನೂ ನೋಡಲಿಲ್ಲ. ತಲೆ ಮಾತ್ರ ಹೀಗೆ... ಎತ್ತಿದ್ದು ಎತ್ತಿದ ಹಾಗೇ. ಅವ್ವನ ಪಕ್ಕ ಹಾದುಹೋದಾಗ ಆ ಧಗೆಯಲ್ಲೂ ಬಾವಿಯೊಳಗಿನ ಥಂಡಿ ತಗುಲಿತಂತೆ. ಓಡಿಹೋಗ್ಬೇಕು ಅನ್ನಿಸ್ತಂತೆ. ಆದ್ರೆ ಬಾಯಿ? ಬಾಯಿ ತಾನಾಗೇ ಹಾಡ್ತಿತ್ತು. ಎಲ್ಲರ ಬಾಯೂ! ಬಾಗಿಲಲ್ಲಿ ಪೊಲೀಸ್ ಸಾಹೇಬ ಟೋಪಿ ತೆಗೆದು ದಾರಿ ಬಿಟ್ಟ. 'ಮುಂದೆ ಹೋದ ಆ ದೊಡ್ಡಮ್ಮ ಯಾರು?' ಅಂದ. ಪಾದ್ರಿ ಒಂದೇ ಮಾತು ಅಂದ್ರು, 'ನಮ್ಮೋಳು.' ಗೇಲಿ ಮಾಡೋಕೆ ಬಂದೋರು ಮಂಡಿಯೂರಿಬಿಟ್ರು. ಅದರಲ್ಲಿ ನಿನ್ನ ಮುತ್ತಾತಾನೂ ಇದ್ದ ಕಣೆ ಈಸಿಂಗ್. ಹೋಗಿ ನಿಮ್ಮಣ್ಣನಿಗೆ ಹೇಳು!

"ಬಸಿಲಿಸಾ ಕಡಲ ದಿಬ್ಬದ ತನಕ ನಡೆದು ನಿಂತಳು... ಮತ್ತೆ ಕಾಣಲಿಲ್ಲ. ನಿಂತ ಜಾಗದಲ್ಲೇ ನಮ್ಮೋರು ಬಿದಿರು ಚರ್ಚು ಕಟ್ಟಿದ್ರು. ಗಾಳಿ ಹಾರಿಸಿದಾಗಲೆಲ್ಲ ಮತ್ತೆ ಕಟ್ತೀವಿ. ನಮ್ಮ ಕೈಯಾರೆ ಕಟ್ತೀವಿ, ಯಾರ ಬೆತ್ತಕ್ಕೂ ಹೆದರಿ ಅಲ್ಲ."

ಗಾಳಿ ಗೋಡೆಗೆ ಅಪ್ಪಳಿಸಿತು. ಈಸಿಂಗ್ ನೆಟ್ಟಗೆ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಸಂತೆಯಿಂದ ಹೊತ್ತು ತಂದಿದ್ದ ಅವಮಾನ ಎಲ್ಲಿ ಇಳಿದುಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಮಗೂಗೆ ದಿಬ್ಬದ ಚರ್ಚಲ್ಲೇ ದೀಕ್ಷಾಸ್ನಾನ," ಎಂದಳು. "ಅಣ್ಣ ಏನು ಬೇಕಾದ್ರೂ ಅಂದ್ಕೊಳ್ಳಲಿ. ಆದ್ರೆ ಅಜ್ಜಿ, ಅವತ್ತು ನೀವೇ ಹಾಡು ಎತ್ತಬೇಕು. ಇವತ್ತು ಪ್ರಾರ್ಥನೇಲಿ ಎತ್ತಿದ್ರಲ್ಲ, ಇಷ್ಟು ಮಳೆ ಸದ್ದನ್ನೂ ಮೀರಿಸಿ... ಹಾಗೇ."

ಅಜ್ಜಿ ಚುಟ್ಟವನ್ನು ಮತ್ತೆ ಬಾಯಿಗಿಡಲಿಲ್ಲ. ದೀಪದ ಆಚೆಗಿನ ಕತ್ತಲೆಯ ಕಡೆ ಒಮ್ಮೆ ನೋಡಿದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ.

"ನಾನಾ? ನನ್ನ ಹಾಡೋ ಗಂಟಲು ಹೋಗಿ ಎಷ್ಟು ಕಾಲ ಆಯ್ತಲ್ಲೇ ಮಗಳೇ... ನಾನು ಬರೀ ತುಟಿ ಆಡಿಸೋದು."